ಡ್ರೋನಿನ ಹಣೆಗೆ ಹಚ್ಚಿದ ವಿಭೂತಿ

ಹಳಿಯಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ನಮ್ಮ ಅಂಗಡಿಯಲ್ಲಿ ಎರಡು ಮೇಜುಗಳಿವೆ. ಬಾಗಿಲ ಬಳಿಯದು ನನ್ನದು: ಮೊಬೈಲ್, ಕ್ಯಾಮೆರಾ, ಈಚೆಗೆ ಡ್ರೋನ್ ರಿಪೇರಿ. ಒಳಗಿನದರ ಮೇಲೆ ನನ್ನ ಮೈದುನನ ಹೆಂಡತಿಯ ಹೊಲಿಗೆ ಯಂತ್ರ. ನಾನು ಎಲೆಕ್ಟ್ರಾನಿಕ್ಸ್ ಓದಿ ಬಿ.ಎಸ್ಸಿ. ಮುಗಿಸಿದವಳು. ಅವಳ ಓದು ಹತ್ತಕ್ಕೆ ನಿಂತಿತ್ತು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಆ ದಿನ ನನ್ನ ತಲೆಯಲ್ಲಿದ್ದದ್ದು ಇದೊಂದೇ.

ಖಂಡೇನವಮಿಯ ಆಯುಧಪೂಜೆ ಮುಗಿದ ವಾರ, ಗಣೇಶಗುಡಿಯಲ್ಲಿ ಹೋಮ್‌ಸ್ಟೇ ನಡೆಸುವವರೊಬ್ಬರು ಡ್ರೋನ್ ತಂದರು. ರಾಫ್ಟಿಂಗ್‌ಗೆ ಬರುವ ಅತಿಥಿಗಳ ವಿಡಿಯೋ ತೆಗೆಯುವ ಡ್ರೋನ್. ಅದರ ಮೂತಿಯಲ್ಲಿ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಪುಟ್ಟ ತೋಳಿರುತ್ತದೆ, ಗಿಂಬಲ್ ಎನ್ನುತ್ತೇವೆ. ಅದು ಜ್ವರ ಬಂದವರಂತೆ ನಡುಗುತ್ತಿತ್ತು. ಮೋಟರಿನ ಮೇಲೆ ಭಾರ ಹೆಚ್ಚಾಗಿದೆ ಎಂದು ಫೋನಿನ ಪರದೆ ಎಚ್ಚರಿಸುತ್ತಿತ್ತು.

ಎರಡು ದಿನ ಹೆಣಗಿದೆ. ಬ್ಯಾಟರಿ ಹಾಕುವ ಮೊದಲು ರೆಕ್ಕೆ ಬಿಚ್ಚಿಡುವುದು ನನ್ನ ಮೇಜಿನ ಕಟ್ಟಳೆ, ಹಾಗೇ ಮಾಡಿದೆ. ಸಮತಟ್ಟಾದ ಗಾಜಿನ ಮೇಲಿಟ್ಟು ಮೂರು ಸಲ ಕ್ಯಾಲಿಬ್ರೇಷನ್ ಮಾಡಿದೆ. ರಿಬ್ಬನ್ ಕೇಬಲ್ ಬದಲಿಸಿದೆ. ನಡುಕ ನಿಲ್ಲಲಿಲ್ಲ. ಮೂರನೆಯ ದಿನ ಅವರು ಅಂಗಡಿಗೆ ಬಂದಾಗ ರೆಕ್ಕೆಗಳನ್ನು ಮತ್ತೆ ಕೂಡಿಸಿ, "ಮೋಟರ್ ಹೋಗೇತ್ರಿ, ಹೊಸಾದು ತರಸಬೇಕು" ಎಂದು ವಾಪಸ್ ಕೊಡಹೋದೆ.

"ಅಕ್ಕಾ, ಒಂದ್ ಸಲ ನಾ ನೋಡ್ಲೇನು?" ಎಂದು ಅವಳು ಎದ್ದು ಬಂದಳು. ಹೊಲಿಗೆ ಯಂತ್ರದ ದೀಪದ ಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. "ಇದರ ಸಂದ್ಯಾಗ ಬೂದಿ ಕುಂತೈತಲ್ಲ! ಪೂಜಿ ಮಾಡೀರೇನ್ರಿ ಇದಕ?"

"ಮಾಡದ ಬಿಡ್ತಾಳೇನು ನಮ್ಮವ್ವ? ಜೀಪಿಗೆ ವಿಭೂತಿ ಹಚ್ಚಿದ್ಲು, ಪಂಪಿಗೆ ಹಚ್ಚಿದ್ಲು, ಇದರ ಹಣಿ ಎಲ್ಲೈತೋ ಅಂತ ಕೇಳಿದ್ಲು. ಕ್ಯಾಮೆರಾದ ಮ್ಯಾಲ ಅಂತ ನಾನ ತೋರ್ಸಿದೆ."

ಒದ್ದೆ ವಿಭೂತಿ ಒಣಗಿ, ಉದುರಿ, ಗಿಂಬಲ್ಲಿನ ಮೋಟರಿನ ಸಂದಿಗೆ ಇಳಿದಿತ್ತು. ಮೇಲಿನ ಬಿಳಿ ಗುರುತನ್ನು ನಾನೂ ಕಂಡಿದ್ದೆ. ರಸ್ತೆಯ ಧೂಳೆಂದು ಒರೆಸಿ ಹಾಕಿದ್ದೆ. ಅದೇ ಹಬ್ಬದಂದು ನನ್ನ ಸೋಲ್ಡರಿಂಗ್ ಕಡ್ಡಿಗೆ ನಾನೇ ವಿಭೂತಿ ಹಚ್ಚಿದ್ದೆ.

ಅವಳು ಯಂತ್ರದ ಹತ್ತಿಯ ಜುಂಗು ತೆಗೆಯುವ ಬ್ರಶ್ಶಿನಿಂದ ಸಂದಿಯನ್ನು ಮೆಲ್ಲಗೆ ಗುಡಿಸಿದಳು. ಬಟನ್ ಒತ್ತಿದಾಗ ಕ್ಯಾಮೆರಾ ತಲೆಯೆತ್ತಿ, ಎಡಕ್ಕೂ ಬಲಕ್ಕೂ ಹೊರಳಿ, ಅಲುಗದೆ ನಿಂತಿತು.

"ನೋಡ್ರಿ ಅಕ್ಕಾರ, ನಿಮ್ಮ ಕಾಲೇಜೆಲ್ಲಾ ಇಕಿ ಬ್ರಶ್ಶಿನ್ಯಾಗ ಐತಿ! ಇನ್ ಮ್ಯಾಲ ಇಕಿ ಕಡೇನ ತರ್ತೇನಿ" ಎಂದು ಅವರು ನಕ್ಕರು. ಅವಳೂ ನಕ್ಕಳು. ನನ್ನ ಕಿವಿ ಸುಡುತ್ತಿತ್ತು.

"ರೆಕ್ಕಿ ಮೋಟರ್ ತಿರಗಿದ್ರೂ ನಡಗೂದಿಲ್ಲೇನ್ರಿ?" ಎಂದು ಕೇಳಿದಳು.

"ರಿಮೋಟಿನ ಎರಡೂ ಕಡ್ಡಿ ಕೆಳಗ, ಒಳಗ ಎಳಿ ತಂಗಿ, ಗೊತ್ತಾಗ್ತೈತಿ." ಅವರ ಕಣ್ಣು ಫೋನಿನ ಪರದೆಯ ಮೇಲಿತ್ತು.

ಅವಳು ತನ್ನ ಸ್ಟೂಲಿನ ಮೇಲೆ ಕೂತು, ರಿಮೋಟ್ ಹಿಡಿದು ಡ್ರೋನಿನ ಮೇಲೆ ಬಾಗಿದಳು. ಸೆರಗು ಜಾರಿ ಅದರ ಪಕ್ಕಕ್ಕೆ ಬಿತ್ತು. "ಅಕ್ಕಾ, ಇಲ್ನೋಡ" ಎಂದು ನನ್ನತ್ತ ಮುಖವೆತ್ತಿದಳು.

ನನಗೆ ಎಲ್ಲವೂ ಕಂಡಿತು. ನಾನೇ ಕೂಡಿಸಿದ ನಾಲ್ಕು ರೆಕ್ಕೆಗಳು. ಸೆರಗು. ಕಡ್ಡಿಗಳ ಮೇಲಿನ ಹೆಬ್ಬೆರಳುಗಳು. ಮಾತು ಗಂಟಲಲ್ಲೇ ಇತ್ತು. ಒಂದು ಉಸಿರಿನಷ್ಟು ಹೊತ್ತು ಅದನ್ನು ಅಲ್ಲೇ ಹಿಡಿದೆ. ಅವಳಿಗೆ ಗಾಯವಾಗಲಿ ಎಂದಲ್ಲ. ಅವಳ ಕೈಯಲ್ಲಿ ಇದೊಂದಾದರೂ ಕೆಡಲಿ ಎಂದು. ಆಮೇಲೆ ಕೂಗಿದೆ.

ಕೂಗು ಹೊರಡುವುದಕ್ಕೂ ರೆಕ್ಕೆ ತಿರುಗುವುದಕ್ಕೂ ಸರಿಹೋಯಿತು. ಸೆರಗು ಸುತ್ತಿಕೊಂಡು ಡ್ರೋನ್ ಅವಳ ಕೊರಳ ಕಡೆ ಹಾರಿತು. ರೆಕ್ಕೆಯೊಂದು ಮುರಿದು ಸಿಡಿಯಿತು. ಅವಳು ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದಳು. ನಾನು ರಿಮೋಟ್ ಕಸಿದು ಕಡ್ಡಿಯನ್ನು ಕೆಳಕ್ಕೆ ಒತ್ತಿ ಹಿಡಿದೆ. ಸದ್ದು ನಿಂತ ಮೇಲೂ ಒಂದು ದಾರದ ಉಂಡೆ ಉರುಳುತ್ತಲೇ ಇತ್ತು.

ಎಡಗಣ್ಣಿನ ಕೆಳಗೆ, ಅಕ್ಕಿಕಾಳಿನಷ್ಟು ಅಂತರದಲ್ಲಿ, ರಕ್ತದ ಗೆರೆ.

"ಅಕ್ಕ ಕೂಗಿದ್ದಕ್ಕ ಮುಖ ಹಿಂದ ತಗೊಂಡೆ. ಇಲ್ಲಾಂದ್ರ ಕಣ್ಣ ಹೋಗತಿತ್ತು" ಎಂದು ಅವಳು ಅತ್ತೆಗೆ ಹೇಳಿದಳು, ಓಣಿಗೆಲ್ಲ ಹೇಳಿದಳು. ಅತ್ತೆ ನನ್ನ ದೃಷ್ಟಿ ತೆಗೆದರು. ಈಗಲೂ ಅವಳ ಯಂತ್ರ ಗರ್ರೆಂದಾಗಲೆಲ್ಲ ನಾನು ಬೆಚ್ಚಿಬೀಳುತ್ತೇನೆ. ಆದರೂ ಹೊಟ್ಟೆಕಿಚ್ಚು ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾದೀತು.

ಹೋದ ವಾರ ಆ ಹೋಮ್‌ಸ್ಟೇಯವರೇ ಇನ್ನೊಂದು ಡ್ರೋನ್ ತಂದರು. ನನ್ನ ಮೇಜು ದಾಟಿ ನೇರ ಅವಳ ಬಳಿ ಇಟ್ಟು, ಚಹಾ ಕುಡಿಯಲು ಹೋದರು. ನಾನು ಎದ್ದು ಹೋಗಿ ನಾಲ್ಕೂ ರೆಕ್ಕೆ ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ.

"ಅವತ್ತ ರೆಕ್ಕಿ ಇದ್ದದ್ದು ನಾ ನೋಡಿದ್ದೆ. ಬೇಕಂತನ ತಡಾ ಮಾಡಿ ಕೂಗಿದೆ."

ಅವಳು ರೆಕ್ಕೆಗಳನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿದಳು. "ಗೊತ್ತೈತಿ ಅಕ್ಕಾ. ನಿನ್ನ ಮುಖ ನನ್ನ ಎದರಿಗೇ ಇತ್ತಲ್ಲ." ಆಮೇಲೆ ದೀಪವನ್ನು ಡ್ರೋನಿನತ್ತ ತಿರುಗಿಸುತ್ತ, "ಅತ್ತಿ ಮುಂದ ಹೇಳಬ್ಯಾಡ ಮತ್ತ" ಎಂದಳು.

ಇಷ್ಟು ತಿಂಗಳು ಗೊತ್ತಿದ್ದೂ ಓಣಿಗೆಲ್ಲ ಹಾಗೆ ಹೇಳಿಕೊಂಡು ಬಂದಿದ್ದಳು. ನನ್ನ ಕೈಲಿ ಅದು ಆಗುತ್ತಿರಲಿಲ್ಲ. ಬ್ರಶ್ ಎಲ್ಲಿ ಎಂದು ಅವಳು ಹುಡುಕುತ್ತಿದ್ದಳು. ಅದು ನನ್ನ ಮೇಜಿನ ಮೇಲಿತ್ತು. ತಂದು ಕೊಟ್ಟೆ.