ಹಿಡಿ ಕಿತ್ತ ಚರ್ಮದ ಬ್ಯಾಗು

ಆ ಬ್ಯಾಗು ರಿಪೇರಿ ಅಂಗಡಿಯಲ್ಲಿ ಇಬ್ಬರು ಕೂರಬಹುದು. ಮೂರನೆಯವರು ಒಳಗೆ ಬಂದರೆ ಒಬ್ಬರು ಎದ್ದು ನಿಲ್ಲಬೇಕು. ಅಲ್ಲಿ ಸೋದರಮಾವನ ಎದುರು ಕೂತು ಜಿಪ್ಪು ಹಾಕುತ್ತಿದ್ದ ಹುಡುಗನಿಗೆ ಬೀದಿಯವರು ಇಟ್ಟ ಹೆಸರು ಸಿಇಓ. ಇಟ್ಟವರ ತಪ್ಪೇನಿಲ್ಲ, ಮೊಬೈಲಿನಲ್ಲಿ ಅವನೇ ಹಾಗೆ ಬರೆದುಕೊಂಡಿದ್ದ: ‘ಸಂಸ್ಥಾಪಕ ಮತ್ತು ಸಿಇಓ, ಟ್ರಾವೆಲ್ ಸೊಲ್ಯೂಷನ್ಸ್.’ ಜೊತೆಗೆ ಕಾರಿಗೆ ಒರಗಿ ಕೈಕಟ್ಟಿ ನಿಂತ ಫೋಟೋ. ಕಾರಿನವರು ಪಾಪ, ಪಕ್ಕದ ಅಂಗಡಿಯಲ್ಲಿ ಮಾತ್ರೆ ಕೊಳ್ಳುತ್ತಿದ್ದರು.

ಭಾನುವಾರ ಬಂತೆಂದರೆ ಸಿಇಓ ಇಸ್ತ್ರಿ ಅಂಗಿ ತೊಟ್ಟು ನೆಟ್‌ವರ್ಕಿಂಗ್ ಸಭೆಗೆ ಹೊರಡುತ್ತಿದ್ದ. ಅಲ್ಲಿ ಎಲ್ಲರೂ ಸಂಸ್ಥಾಪಕರೇ. ಕೈಕೆಳಗೆ ಕೆಲಸ ಮಾಡುವವರು ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಇವರು ಕಾರ್ಡು ಕೊಟ್ಟರೆ ಅವರೂ ಕಾರ್ಡು ಕೊಡುತ್ತಿದ್ದರು. ಒಟ್ಟಿನಲ್ಲಿ ಕಾರ್ಡು ಅಚ್ಚು ಹಾಕುವವನ ಬದುಕು ಚೆನ್ನಾಗಿ ನಡೆಯುತ್ತಿತ್ತು.

ಅಲ್ಲಿಯೇ ಅವನಿಗೆ ಕೋಟಿನವನು ಸಿಕ್ಕಿದ್ದು. ಕೋಟು ಯಾರು ಬೇಕಾದರೂ ಹಾಕಬಹುದು ಎಂಬುದು ಸಿಇಓಗೆ ಗೊತ್ತಿತ್ತು. ಆದರೆ ಅವನ ಕೈಯಲ್ಲಿದ್ದ ಬ್ಯಾಗು! ಅಪ್ಪಟ ಚರ್ಮ, ಕೈಹೊಲಿಗೆ, ಹಿತ್ತಾಳೆ ಕೊಂಡಿ. ಮನುಷ್ಯ ಸುಳ್ಳು ಹೇಳಬಹುದು, ಹೊಲಿಗೆ ಹೇಳುವುದಿಲ್ಲ ಎಂದು ನಂಬಿದವನು ಅವನು. ನೇರವಾಗಿ ಹೋಗಿ, “ಸರ್, ಇದು ಕರುವಿನ ಚರ್ಮ ಅಲ್ವಾ? ಎರಡೆಳೆ ಹೊಲಿಗೆ. ಇಂಥದ್ದು ಈಗ ಸಿಗಲ್ಲ” ಅಂದ. ಕೋಟಿನವನು ಬೆರಗಾದ. ನೋಡಿದ ಕೂಡಲೇ ಇಷ್ಟು ಹೇಳುವವನ ಮನೆಯಲ್ಲಿ ಇಂಥವು ಎಷ್ಟಿರಬೇಡ! ಅಂದಿನಿಂದ ಇಬ್ಬರದೂ ‘ಸರ್, ಸರ್’ ಎಂಬ ಸಂಸಾರ ಶುರುವಾಯಿತು. ಇವನು ಅವನಿಂದ ಬಂಡವಾಳ ಬರಲೆಂದು ಕಾದ, ಅವನು ಇವನಿಂದ.

ಇತ್ತ ಮಾವನ ಕಣ್ಣು ಸೂಜಿಗೆ ದಾರ ಪೋಣಿಸಲು ಒಪ್ಪುತ್ತಿರಲಿಲ್ಲ.

“ಲೋ, ಅಂಗಡಿ ನಡೆಸ್ತೀಯೋ ಇಲ್ವೋ ಹೇಳ್ಬಿಡು. ಪಕ್ಕದ ಟೈಲರಕ್ಕ ಕೇಳ್ತಿದ್ದಾಳೆ.”

“ನನಗ್ಯಾಕೆ ಮಾವ ಇದು? ಇನ್ವೆಸ್ಟರ್ ಹತ್ರ ಮಾತು ಫೈನಲ್ ಆಗ್ತಿದೆ. ಅಕ್ಕಂಗೇ ಕೊಟ್ಬಿಡಿ.”

ಮಾವ ಒಂದು ಗಳಿಗೆ ಅವನ ಕೈ ನೋಡಿದರು. ಬೇಡವೆನ್ನುವಾಗಲೂ ಆ ಕೈ ಜಿಪ್ಪಿನ ಹಲ್ಲುಗಳಿಗೆ ಮೇಣ ಉಜ್ಜುತ್ತಲೇ ಇತ್ತು. ಆಮೇಲೆ ಎದ್ದು ಹೋಗಿ ಟೈಲರಕ್ಕನಿಗೆ ಮಾತು ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಒಬ್ಬ ಗಿರಾಕಿ. ಹೋಟೆಲಿನ ಸಮವಸ್ತ್ರ, ತಲೆಗೆ ಟೋಪಿ. ಕೈಯಲ್ಲಿ ಅದೇ ಚರ್ಮದ ಬ್ಯಾಗು, ಹಿಡಿ ಕಿತ್ತು ನೇತಾಡುತ್ತಿತ್ತು. ಸಿಇಓ ಬ್ಯಾಗಿನ ಗುರುತು ಹಿಡಿದವನೇ ಕೆಲಸದ ಹಲಗೆಯ ಕೆಳಗೆ ಮುದುರಿಕೊಂಡ.

“ಯಾರೋ ಗೆಸ್ಟು ಹಿಡಿ ಕಿತ್ತೋಯ್ತು ಅಂತ ನನಗೇ ಕೊಟ್ಟು ಹೋದ್ರು. ಅಂಟು ಹಾಕಿ ಇಷ್ಟು ದಿನ ತಳ್ಳಿದೆ” ಅಂದ ಗಿರಾಕಿ.

ಮಾವ ಹಲಗೆ ತಟ್ಟಿದರು. “ಏಯ್ ಸಿಇಓ, ಮೇಲೇಳಪ್ಪ. ಇದು ನನ್ನ ಕಣ್ಣಿಗೆ ಆಗೋ ಕೆಲಸ ಅಲ್ಲ.”

ಸಿಇಓ ಎದ್ದ. ಮೂಗಿನ ಮೇಲೆ ಮೇಣ, ಕೂದಲಲ್ಲಿ ದಾರದ ತುಂಡು.

“ಸರ್?” ಅಂದ ಕೋಟಿಲ್ಲದ ಕೋಟಿನವನು. “ಇದು... ಫೀಲ್ಡ್ ಸ್ಟಡೀನಾ?”

“ಹೂಂ ಸರ್. ನಿಮ್ದು?”

“ನಂದೂ ಅದೇ ಸರ್. ಲಗೇಜು ಹೊತ್ಕೊಂಡು ಮಾಡೋ ಸ್ಟಡಿ.”

ಇಬ್ಬರೂ ಬ್ಯಾಗಿನ ಕಡೆ ನೋಡಿದರು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಮಾವನಿಗಂತೂ ಇಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸಿತು.

ಸಿಇಓ ಹಳೇ ಅಂಟು ಕೆರೆದು ಹೊಲಿಯಲು ಕೂತ. ನಾಲ್ಕು ಹೊಲಿಗೆ ಬೀಳುವಷ್ಟರಲ್ಲಿ ನಗು ಇಳಿದು, ಇನ್ನು ಇನ್ವೆಸ್ಟರೂ ಇಲ್ಲ, ಅಂಗಡಿಯೂ ಇಲ್ಲ ಎಂಬುದು ಹೊಳೆಯಿತು. ಅಷ್ಟರಲ್ಲಿ ಟೈಲರಕ್ಕ ಬಂದು ಕೊರಳಲ್ಲಿದ್ದ ಟೇಪು ತೆಗೆದು ಅಂಗಡಿಯ ಗೋಡೆ ಅಳೆಯತೊಡಗಿದ್ದಳು.

“ಅಕ್ಕಾ,” ಅಂದ ತಲೆಯೆತ್ತದೆ, “ಆ ಟೇಪು ಸ್ವಲ್ಪ ಸುತ್ತಿಡ್ತೀರಾ?”

“ಯಾಕಪ್ಪಾ, ಇನ್ವೆಸ್ಟರ್ ಬರ್ತಾರಾ?”

“ಬಂದಿದ್ದಾರಕ್ಕ. ಹಿಡಿ ಹಾಕಿಸ್ಕೊಳ್ತಿದ್ದಾರೆ.”

ಟೈಲರಕ್ಕ ಗಿರಾಕಿಯನ್ನು ಟೋಪಿಯಿಂದ ಬೂಟಿನ ತನಕ ನೋಡಿದಳು. ಅವನು ವಿನಯದಿಂದ ಟೋಪಿ ತೆಗೆದ.

“ಅಂಗಡಿ ನಾನೇ ನಡೆಸ್ತೀನಿ ಮಾವ” ಅಂದ ಸಿಇಓ.

“ನನ್ನನ್ನ ಕೇಳಬೇಡ. ಮಾತು ಕೊಟ್ಟಾಗಿದೆ. ಬಿಡೋದಾದ್ರೆ ಅವಳು ಬಿಡಬೇಕು.”

ಟೈಲರಕ್ಕ ಟೇಪು ಸುತ್ತಲೂ ಇಲ್ಲ, ಬಿಡಲೂ ಇಲ್ಲ. ಮೂಲೆಯ ಮೊಳೆಗೆ ಧೂಳು ತಿನ್ನುತ್ತ ನೇತುಬಿದ್ದಿದ್ದ, ಎಂದೋ ರಿಪೇರಿಗೆ ಕೊಟ್ಟಿದ್ದ ತನ್ನದೇ ಕೈಚೀಲವನ್ನು ತೆಗೆದು ಅವನ ಮಡಿಲಿಗೆ ಎಸೆದಳು.

“ಪ್ರತಿ ಭಾನುವಾರ ಸಭೆ ಸಭೆ ಅಂತ ಓಡ್ತಿದ್ಯಲ್ಲ, ಮೊದಲು ಇದರ ಜಿಪ್ಪು ಹಾಕು. ಸಾಯಂಕಾಲ ಬರ್ತೀನಿ. ಸರಾಗವಾಗಿ ಓಡಿದ್ರೆ ಟೇಪು ಸುತ್ತೋ ಮಾತು.”

ಅವಳು ಹೋದ ಮೇಲೆ ಮಾವ ಮೇಣದ ಉಂಡೆಯನ್ನು ಅವನ ಕಡೆಗೆ ಸರಿಸಿದರು.