ಹಳಿಯ ಬದಿಯ ಸೊಪ್ಪು

ಭದ್ರಾವತಿ ಸ್ಟೇಷನ್ನಿನಲ್ಲಿ ಶಿವಮೊಗ್ಗದ ಪ್ಯಾಸೆಂಜರ್ ರೈಲಿಗೆ ಕಾಯುತ್ತಿದ್ದೇನೆ. ಪ್ಲಾಟ್‌ಫಾರಂ ಮುಗಿಯುವಲ್ಲಿ, ಹಳಿಯ ಬದಿಯಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಬಗ್ಗಿ ಅಣ್ಣೆಸೊಪ್ಪಿನ ಕುಡಿ ಚಿವುಟಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದಾರೆ. ಆ ಎಲೆ ನೋಡಿ ಎಷ್ಟು ವರ್ಷವಾಯಿತೋ. ರಾಗಿ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ ನಮ್ಮವ್ವ ಇದನ್ನೇ ಆಯ್ದು ತಂದು ಮಸ್ಸೊಪ್ಪು ಮಾಡುತ್ತಿದ್ದಳು. “ದಿನಾ ಕಳೇನೇ ತಿನ್ನಿಸ್ತೀಯಲ್ಲ” ಎಂದು ನಾವು ಮುಖ ಸಿಂಡರಿಸುತ್ತಿದ್ದೆವು.

“ಏನಮ್ಮಾ, ಮಾರೋಕಾ?” ಎಂದೆ.

“ಅಲ್ಲಪ್ಪ, ಸಾರಿಗೆ.”

“ಜಮೀನಿಲ್ವಾ?”

“ಎರಡೆಕರೆ ಇದೆ, ಪೂರ್ತಿ ಕಬ್ಬು. ಮೊದ್ಲು ರಾಗಿ, ಅವರೆ, ಸೊಪ್ಪು ಎಲ್ಲಾ ಅಲ್ಲೇ ಸಿಗೋದು. ಈಗ ಕಳೆಗೆ ಔಷಧಿ ಹೊಡೀತೀವಿ, ಒಂದು ಎಲೆ ಹುಟ್ಟಲ್ಲ. ಕಬ್ಬು ಕಡಿಯೋವರ್ಗೂ ಸೊಸೈಟಿ ಅಕ್ಕಿ, ತಿಳಿಸಾರು. ಆ ಅಕ್ಕೀನೂ ತಿಂಗಳು ಪೂರ್ತಿ ಬರಲ್ಲ.”

ಅವ್ವನ ಮಸ್ಸೊಪ್ಪಿನ ವಿಷಯ ಹೇಳಿದೆ. ಅವರು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನನ್ನೇ ನೋಡಿದರು.

“ನಿಮ್ಮ ಹೊಲದಲ್ಲಿ ಇನ್ನೂ ಇದೆಯಾ?”

“ಹೂಂ” ಎಂದುಬಿಟ್ಟೆ. ನಮ್ಮ ಹೊಲಕ್ಕೆ ಅದೇ ಔಷಧಿಯನ್ನು ಮೊದಲು ತಂದವನು ನಾನೇ.

“ಹಂಗಾದ್ರೆ ಒಂದು ಚಿಟಿಕೆ ಬೀಜ ತಂದ್ಕೊಡಪ್ಪ, ಹಿತ್ತಲಲ್ಲಿ ಚೆಲ್ತೀನಿ. ಸೋಮವಾರ ಸೋಮವಾರ ಇಲ್ಲೇ ಇರ್ತೀನಿ.”