ಎಲ್ಲ ನಾರ್ಮಲ್ ಎಂದ ರಿಪೋರ್ಟು

ಥೈರಾಯ್ಡ್ ಗುಳಿಗೆ ನುಂಗಲು ಶುರುಮಾಡಿ ಎರಡು ವರ್ಷವಾಗಿತ್ತು. ಆದರೂ ಕೂದಲು ಉದುರುತ್ತಿತ್ತು, ಬಟ್ಟೆ ಒಣಹಾಕಲು ಕೈ ಎತ್ತುವಷ್ಟೂ ಶಕ್ತಿ ಇರಲಿಲ್ಲ. ಕೊಲ್ಹಾಪುರದ ಡಾಕ್ಟರು ರಕ್ತದ ರಿಪೋರ್ಟು ನೋಡಿ, "ಟಿಎಸ್‌ಎಚ್ ನಾರ್ಮಲ್ ಐತ್ರಿ, ಇದ ಗುಳಿಗಿ ನಡಸ್ರಿ" ಎಂದರು.

"ಮತ್ತ ಈ ದಣಿವು ಯಾಕ್ರಿ?" ಎಂದು ಕೇಳಿದೆ. ಅವರು ಆಗಲೇ ಮುಂದಿನ ಪೇಶಂಟನ್ನು ಕರೆದಿದ್ದರು.

ಗಡಹಿಂಗ್ಲಜಕ್ಕೆ ಮರಳುವ ಬಸ್ಸಿನಲ್ಲಿ ನಿದ್ದೆ ಹತ್ತಿತು. ಕಂಡಕ್ಟರ್ ಎಬ್ಬಿಸಿದಾಗ ನನ್ನೂರು ದಾಟಿ ಚಂದಗಡಕ್ಕೆ ಬಂದುಬಿಟ್ಟಿದ್ದೆ. ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದೆ.

"ರಿಪೋರ್ಟ್ ಏನ್ ಬಂತು?"

"ನಾರ್ಮಲ್."

"ಛಲೋ ಆತಲ್ಲ! ಮತ್ಯಾಕ ಅಳಾಕತ್ತಿ?"

ಏನಾದರೂ ದೋಷ ಸಿಕ್ಕಿದ್ದರೆ ಅದರ ಹೆಸರನ್ನಾದರೂ ಹೇಳಬಹುದಿತ್ತು.

"ನನ್ನ ಕಡಿಂದ ಆಗವಲ್ದು. ಬಂದು ಕರ್ಕೊಂಡು ಹೋಗ್ರಿ" ಎಂದೆ. ಅವರು ಬರುವ ತನಕ ನಿಲ್ದಾಣದ ಬೆಂಚಿನ ಮೇಲೆ ಮಲಗಿಬಿಟ್ಟೆ.